ಬಡಿತದ ನಡುವಿನ ಬಿಡುವು

ಕಣ್ಣಿಗಿಂತ ಒಂದು ಗೇಣು ಮೇಲೆ, ಎಂಆರ್‌ಐ ಯಂತ್ರದ ಆ ಬಿಳಿ ಕೊಳವೆಯ ಒಳಮೈಯಲ್ಲಿ, ಒಂದು ಗೀರು, ಯಾರದೋ ಉಗುರು ತಾಗಿದ್ದಿರಬೇಕು, ಇಲ್ಲ ಉಂಗುರ — ಉಂಗುರ ಎಲ್ಲಿಂದ ಬರಬೇಕು, ಬಾಗಿಲಲ್ಲೇ ಎಲ್ಲ ಬಿಚ್ಚಿಸಿಕೊಂಡರಲ್ಲ, ಬಳೆ, ಓಲೆ, ತಲೆಯ ಕ್ಲಿಪ್ಪು, ಕೊನೆಗೆ ಕೊರಳಲ್ಲಿ ಸದಾ ನೇತಾಡುವ ವಿಷಲ್ ಕೂಡ, ಪ್ಲಾಸ್ಟಿಕ್ಕಿಂದು ಕಣಮ್ಮಾ ಎಂದರೆ ಒಳಗೆ ಏನಾದ್ರೂ ಕಬ್ಬಿಣ ಗಿಬ್ಬಿಣ ಇದ್ರೆ ಅಯಸ್ಕಾಂತ ಬಿಡಲ್ಲ ಮೇಡಂ, ಇಲ್ಲಿ ಕೊಡಿ, ಎಂದು ಟೆಕ್ನಿಷಿಯನ್ ಹೆಂಗಸು ಕೈ ಚಾಚಿದಳು, ನೆಗಡಿಯಾಗಿ ಮೂಗು ಕಟ್ಟಿದ ದನಿ, ಈಗ ಅದೇ ದನಿ ಕಿವಿಗೆ ಹಾಕಿದ ಹೆಡ್‌ಫೋನಿನೊಳಗಿಂದ ಬರುತ್ತಿದೆ, ಶುರು ಮಾಡ್ತೀನಿ ಮೇಡಂ, ಅಲ್ಲಾಡಬೇಡಿ, ಆರಾಮಾಗಿರಿ — ಆರಾಮಂತೆ ಆರಾಮ, ಎದೆಯ ಮೇಲೆ ಅಂಟಿನ ಬಿಲ್ಲೆಗಳು, ಬಿಲ್ಲೆಗಳಿಂದ ವೈರು, ವೈರಿನ ಮೇಲೆ ಆಮೆಯ ಚಿಪ್ಪಿನಂಥ ಭಾರದ ಹಲಗೆ, ಹೊಟ್ಟೆಗೊಂದು ಪಟ್ಟಿ, ಬಲಗೈಯಲ್ಲಿ ಗಾಳಿ ತುಂಬಿದ ರಬ್ಬರ್ ಉಂಡೆ, ತಡೆಯೋಕಾಗಲ್ಲ ಅನ್ಸಿದ್ರೆ ಇದನ್ನ ಹಿಸುಕಿ, ತಕ್ಷಣ ನಿಲ್ಲಿಸಿಬಿಡ್ತೀವಿ — ಹಿಸುಕಬೇಕಂತೆ, ತಲೆ ಮೇಲೆ ತಲೆ ಬಿದ್ದರೂ ಹಿಸುಕುವವಳಲ್ಲ ಇವಳು, ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದವಳು, ಮುಳುಗುತ್ತಿದ್ದವರನ್ನು ಜುಟ್ಟು ಹಿಡಿದು ದಡಕ್ಕೆ ಎಳೆದು ತಂದವಳು, ಮಕ್ಕಳ ಬಾಯಲ್ಲಿ ವಿಷಲ್ ಮೇಡಂ, ಅಪ್ಪ ಅಮ್ಮ ಇಟ್ಟ ಹೆಸರು ಈಜುಕೊಳದ ಕಚೇರಿಯ ಬೋರ್ಡಿನಲ್ಲಷ್ಟೇ ಉಳಿದಿದೆ, ಕೊರಳಲ್ಲಿ ವಿಷಲ್ ಇಲ್ಲದೆ ಹೀಗೆ ಅಂಗಾತ ಬಿದ್ದಿರುವುದನ್ನು ಆ ಮಕ್ಕಳು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದವು. ನಗಲಿ, ಅದಕ್ಕೇನಂತೆ, ಇವತ್ತು ಚಿತ್ರ ತೆಗೆಸಿಕೊಂಡೇ ಏಳುವುದು.

ಟಕ ಟಕ ಟಕ, ಒಂದಿಷ್ಟು ಮೌನ, ಮತ್ತೆ ಟಕ ಟಕ ಟಕ, ತಗಡಿನ ಮೇಲೆ ಯಾರೋ ಗೋಲಿ ಸುರಿಯುತ್ತಿದ್ದಾರೆ, ಆ ಸದ್ದಿಗೂ ತನ್ನ ಎದೆಗೂ ನಂಟಿದೆಯಂತೆ, ನೆಗಡಿಯ ಹೆಂಗಸು ಬಿಡಿಸಿ ಬಿಡಿಸಿ ಹೇಳಿದ್ದಳು, ಹೃದಯ ಅನ್ನೋದು ಒಂದು ಗಳಿಗೆ ಸುಮ್ಮನಿರಲ್ಲ ಮೇಡಂ, ಅಲ್ಲಾಡೋದನ್ನ ಫೋಟೋ ತೆಗೆದ್ರೆ ಮಬ್ಬಾಗುತ್ತೆ, ಆದ್ರೆ ಒಂದು ಸಲ ಬಡಿದು ಇನ್ನೊಂದು ಸಲ ಬಡಿಯೋದ್ರೊಳಗೆ ಅದಕ್ಕೂ ಒಂದು ಚೂರು ಬಿಡುವಿದೆ, ಆ ಚೂರಲ್ಲಿ ನಾವು ಒಂದಿಷ್ಟು ಕದ್ದುಕೊಳ್ತೀವಿ, ಮುಂದಿನ ಬಡಿತದಲ್ಲಿ ಇನ್ನಷ್ಟು, ಹೀಗೆ ಕದ್ದು ಕದ್ದು ಕೂಡಿಟ್ಟರೆ ಒಂದು ಚಿತ್ರ — ಕಳ್ಳತನವೇ ಸೈ, ಮಾಡಿಕೊಳ್ಳಿ ತಾಯಿ, ಎಂದಿದ್ದಳು ಇವಳು, ಚಿತ್ರ ಬೇಕಿರುವುದು ಹೃದಯಕ್ಕೇ ಅನ್ನ ಹಾಕುವ ರಕ್ತನಾಳಗಳದ್ದಂತೆ, ಪೆನ್ನಿನ ರೀಫಿಲ್ಲಿನಷ್ಟು ದಪ್ಪ, ಅವುಗಳಲ್ಲಿ ಎಲ್ಲಾದರೂ ಕಟ್ಟಿಕೊಂಡಿದೆಯೋ ಇಲ್ಲವೋ ಎಂಬುದೊಂದೇ ಈಗ ಪ್ರಶ್ನೆ, ಮಿಕ್ಕೆಲ್ಲ ಪರೀಕ್ಷೆ ಪಾಸು, ರಕ್ತ ಹೊಂದಿತು, ಅಂಗಾಂಶ ಹೊಂದಿತು, ಒಡಹುಟ್ಟಿದವಳಲ್ಲವೇ, ಹೊಂದದೆ ಏನು, ತಂಗಿಗೆ ಒಂದು ಕಿಡ್ನಿ ಕೊಟ್ಟು ಇನ್ನೊಂದರಲ್ಲಿ ಇವಳು ಹಾಯಾಗಿ ಬದುಕಬಹುದು, ಅಷ್ಟರಲ್ಲಿ ಆ ಓಡುವ ಪಟ್ಟಿಯ ಮೇಲೆ ಓಡಿಸಿದಾಗ ಗ್ರಾಫಿನಲ್ಲಿ ಒಂದು ಗೆರೆ ಸೊಟ್ಟಗಾಯಿತು, ಎದೆ ಹಿಡಿದುಕೊಂಡಂತಾಗುತ್ತಾ ಎಂದು ಹೃದಯದ ಡಾಕ್ಟರು ಕೇಳಿದರು, ಮೆಟ್ಟಿಲು ಹತ್ತುವಾಗ ಒಂದೆರಡು ಸಲ ಎಂದು ಇವಳು ಇದ್ದದ್ದು ಇದ್ದ ಹಾಗೆ ಹೇಳಿದಳು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನಾಳಕ್ಕೆ ಬಣ್ಣದ ಔಷಧ ಬಿಟ್ಟು ನೋಡೋಣವೆಂದರೆ ಅದು ಇವಳಿಗೆ ಆಗಿಬರುವುದಿಲ್ಲ, ಹಿಂದೊಮ್ಮೆ ಬೇರೆ ಯಾವುದೋ ಪರೀಕ್ಷೆಗೆ ಚುಚ್ಚಿದಾಗ ಮುಖ ಊದಿ ಗಂಟಲು ಕಟ್ಟಿ ಜೀವ ಹೋಗಿ ಬಂದಿತ್ತು, ದಾನ ಕೊಡೋಕೆ ಬಂದವರನ್ನ ಅಂಥ ಅಪಾಯಕ್ಕೆ ತಳ್ಳಲ್ಲ, ಔಷಧ ಇಲ್ಲದೆ ತೆಗೆಯೋ ಈ ಚಿತ್ರ ಒಂದೇ ದಾರಿ, ಇದು ಸ್ಪಷ್ಟ ಬಂದು ನಾಳ ಚೆನ್ನಾಗಿದ್ರೆ ಆಪರೇಷನ್, ಇಲ್ಲಾಂದ್ರೆ ನಿಮ್ಮನ್ನ ಕೈಬಿಡ್ತೀವಿ, ಎಂದರು ಡಾಕ್ಟರು, ನನ್ನೆದೆ ಸರಿಯಾಗಿದೆ ಎಂದು ಇವಳು ವಾದಿಸಿದರೆ ಅದನ್ನ ನೀವು ಹೇಳಿದ್ರೆ ಆಗಲ್ಲಮ್ಮ, ಚಿತ್ರ ಹೇಳಬೇಕು ಎಂದು ನಕ್ಕರು. ಕೈಬಿಟ್ಟರೆ ಇನ್ಯಾರು ಕೊಡುತ್ತಾರೆ, ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಯಿತು, ಇರುವುದೇ ಇವರಿಬ್ಬರು, ಡಯಾಲಿಸಿಸ್‌ಗೆ ಚುಚ್ಚಿ ಚುಚ್ಚಿ ತಂಗಿಯ ಎಡಗೈ ನರ ಮುಚ್ಚಿತು, ಬಲಗೈಯದೂ ಮುಚ್ಚಿತು, ಈಗ ಕುತ್ತಿಗೆಗೆ ನಳಿಗೆ, ಅದಕ್ಕೂ ಸೋಂಕು, ಇನ್ನು ಚುಚ್ಚಲು ಜಾಗ ಹುಡುಕುವುದೇ ಒಂದು ಕೆಲಸವೆಂದು ನರ್ಸುಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡದ್ದನ್ನು ಇವಳು ಕಿವಿಯಾರೆ ಕೇಳಿದ್ದಾಳೆ.

ಮೇಡಂ, ಒಂದು ನಿಮಿಷ — ಸದ್ದು ನಿಂತಿತು — ಮೇಡಂ, ನೀವು ಉಸಿರು ಹಿಡ್ಕೊಳ್ತಿದ್ದೀರಾ, ಹೌದಮ್ಮಾ, ಹಿಡಿದುಕೊಂಡಿದ್ದೇನೆ, ಅಲ್ಲಾಡಬಾರದು ಅಂದಿರಲ್ಲ, ಬೇಕಾದರೆ ಇನ್ನೂ ಹಿಡಿಯಬಲ್ಲೆ, ಎಂದಳು ಹೆಮ್ಮೆಯಿಂದ, ಅಯ್ಯೋ ಹಾಗೆ ಮಾಡಬೇಡಿ ಮೇಡಂ, ಕೆಟ್ಟೋಯ್ತು, ನೀವು ಉಸಿರು ಬಿಟ್ಟು ಹೊಟ್ಟೆ ತಗ್ಗಿದಾಗಲೇ ಯಂತ್ರ ಚಿತ್ರ ತೆಗೆಯೋದು, ಎದೆ ತುಂಬ ಗಾಳಿ ಇಟ್ಕೊಂಡ್ರೆ ಅದು ಕಾಯ್ತಾ ಕೂತಿರುತ್ತೆ, ಒಂದು ಚೂರೂ ಸಿಕ್ಕಿಲ್ಲ, ಮನೇಲಿ ಮಲಗಿದಾಗ ಆಡೋ ಹಾಗೆ ಉಸಿರಾಡಿ ಸಾಕು. ಮುಖಕ್ಕೆ ಹೊಡೆದಂತಾಯಿತು, ಇಷ್ಟು ಹೊತ್ತು ತಾನು ಉಪಕಾರ ಮಾಡುತ್ತಿದ್ದೇನೆಂದು ನೀರಿನಡಿಯಲ್ಲಿ ಕೂತವಳಂತೆ ಬಿಗಿಹಿಡಿದು ಮಲಗಿದ್ದಾಳೆ, ಅಲ್ಲಿ ಯಂತ್ರ ಬಾಗಿಲಲ್ಲಿ ನಿಂತ ಬೀಗರ ಹಾಗೆ ಕರೆಯಲಿ ಕರೆಯಲಿ ಎಂದು ಕಾದಿದೆ — ಯಾವ ದಡ್ಡ ಮಾಡುತ್ತಾನೆ ಈ ಕೆಲಸ, ಈಜುವವರೇ ಮಾಡಬೇಕು, ಕೊಳಕ್ಕೆ ಬಂದ ಪ್ರತಿಯೊಬ್ಬನಿಗೂ ಮೊದಲ ದಿನ ಇವಳು ಹೇಳುವುದೇ ಅದು, ಉಸಿರು ಹಿಡಿಯೋಕೆ ಎಲ್ಲರಿಗೂ ಬರುತ್ತೆ ಕಣ್ರೋ, ಬಿಡೋದನ್ನ ಕಲೀರಿ, ಗುಳುಗುಳು ಗುಳ್ಳೆ ಬಿಡಿ, ಆ ಬ್ಯಾಂಕ್ ಮ್ಯಾನೇಜರು ರಿಟೈರಾದ ಮೇಲೆ ಕಲಿಯಲು ಬಂದವರು, ಕೆನ್ನೆ ಉಬ್ಬಿಸಿಕೊಂಡು ಮುಳುಗಿ ಕೆಂಪಗಾಗಿ ಮೇಲೆದ್ದು ನಾನು ಬಿಟ್ಟೆ ಮೇಡಂ ಬಿಟ್ಟೆ ಎಂದು ಸುಳ್ಳು ಹೇಳುತ್ತಿದ್ದರು, ನೀರಿನ ಮೇಲೆ ಒಂದೇ ಒಂದು ಗುಳ್ಳೆ ಇಲ್ಲ, ಅವರನ್ನು ಅದೆಷ್ಟು ಗೋಳು ಹೊಯ್ದುಕೊಂಡಿದ್ದಳು, ಈಗ ಯಾರು ಯಾರನ್ನು ನೋಡಿ ನಗಬೇಕು. ಮನೆಯಲ್ಲಿ ಮಲಗಿದಾಗ ಹೇಗೆ ಉಸಿರಾಡುತ್ತೇನೆ, ಅದನ್ನು ಯಾರು ನೋಡಿದ್ದಾರೆ, ಗಂಡನನ್ನು ಕೇಳಬೇಕು, ಗೊರಕೆ ಹೊಡೀತೀಯ ಅನ್ನುತ್ತಾನೆ, ಸುಳ್ಳ, ಅವನು ಹೊಡೆಯುವುದು — ಒಳಗೆ, ಹೊರಗೆ, ಹೊಟ್ಟೆ ತಗ್ಗಲಿ, ಹಾಂ, ಮತ್ತೆ ಒಳಗೆ, ಎಣಿಸಬಾರದು, ಎಣಿಸಿದರೆ ತಾಲೀಮು ಆಗಿಬಿಡುತ್ತದೆ, ಸುಮ್ಮನೆ ಬರಲಿ ಹೋಗಲಿ, ಈಗ ಸರಿಹೋಯ್ತು ಮೇಡಂ, ಉಸಿರು ಚೆನ್ನಾಗಿ ಸಿಗ್ತಿದೆ, ಎಂದಿತು ನೆಗಡಿಯ ದನಿ, ಸದ್ದು ಶುರುವಾಯಿತು.

ಸಿಗಲೇಬೇಕು, ಸಿಕ್ಕೇ ಸಿಗುತ್ತದೆ, ತಂಗಿ ಹೊರಗೆ ಕಾಯುತ್ತಿದ್ದಾಳೆ, ಆ ಉದ್ದ ಬೆಂಚಿನ ತುದಿಯಲ್ಲಿ ಕುತ್ತಿಗೆಯ ಬ್ಯಾಂಡೇಜಿಗೆ ದುಪಟ್ಟಾ ಸುತ್ತಿಕೊಂಡು, ಬಟ್ಟೆ ಬದಲಿಸುವಾಗ ಬೆನ್ನ ಹಿಂದಿನ ದಾರ ಕಟ್ಟಿಕೊಟ್ಟವಳು ಅವಳೇ, ಕಟ್ಟುತ್ತ ಹಿಂದಿನಿಂದಲೇ ಹೇಳಿದಳು, ಅಕ್ಕಾ, ಚಿತ್ರ ಕೆಟ್ಟು ಹೋದ್ರೆ ನಾನೇನೂ ಅಳಲ್ಲ, ನೀನೂ ಅಳಬೇಡ, ಒಳಗೊಳಗೇ ನನಗೆ ಸಮಾಧಾನವೇ ಆಗುತ್ತೆ ಕಣೇ, ನಿನ್ನ ಕಿಡ್ನಿ ನನಗೆ ಬೇಡ — ಬೇಡವಂತೆ, ಬೇಡ ಎನ್ನುವವಳ ಮುಖ ನೋಡಬೇಕೆಂದು ಇವಳು ತಿರುಗುವಷ್ಟರಲ್ಲಿ ತಂಗಿ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿಬಿಟ್ಟಳು, ಇವಳ ಗಂಡ ಬೇರೆ, ಮೊದಮೊದಲು ಸುತರಾಂ ಒಪ್ಪಲಿಲ್ಲ, ಎರಡಿದೆ ಅಂತ ಒಂದನ್ನ ಕೊಟ್ಟುಬಿಡೋದಾ, ಚಪ್ಪಲಿ ಕೂಡ ಒಂಟಿಯಾದ್ರೆ ಕೆಲಸಕ್ಕೆ ಬರಲ್ಲ ಎಂದ, ಅದಕ್ಕೆ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ ಚಪ್ಪಾಳೆ ತಟ್ಟಿ ನಕ್ಕಳು, ಭಾವ ಹೇಳಿದ್ದು ಸರಿ, ನಮ್ಮ ಅಂಗಡೀಲೂ ಒಂಟಿ ಮಾರಲ್ಲ, ಇಬ್ಬರೂ ಒಂದಾಗಿಬಿಟ್ಟರು, ಇವಳಿಗೆ ಮೈಯೆಲ್ಲ ಉರಿದುಹೋಯಿತು, ನಿಮ್ಮಿಬ್ಬರಿಗೂ ತಮಾಷೆ, ಅವಳು ನನ್ನ ಕಣ್ಣೆದುರೇ — ಬೇಡ, ಆ ಮಾತನ್ನು ಮನಸ್ಸಿನಲ್ಲೂ ಆಡುವುದು ಬೇಡ, ಅವಳು ಎಲ್ಲಿಗೂ ಹೋಗಲ್ಲ, ನಾನು ಬಿಡಲ್ಲ, ಜಪ್ಪಯ್ಯ ಅಂದರೂ ಬಿಡಲ್ಲ, ಎದೆಯೇ, ಕೇಳಿಸಿತಾ, ನೆಟ್ಟಗೆ ಬಡಿದುಕೋ — ಮೇಡಂ, ಸದ್ದು ಮತ್ತೆ ನಿಂತಿತು, ಮೇಡಂ, ಏನು ಯೋಚನೆ ಮಾಡ್ತಿದ್ದೀರಿ. ಏನಿಲ್ಲ ಎಂದಳು, ಶಾಲೆಯ ಹುಡುಗಿಯ ಹಾಗೆ. ಏನೋ ಇದೆ, ಉಸಿರು ಸರಿಯಿದೆ, ಬಡಿತ ಓಡ್ತಿದೆ, ಮೊದಲು ಬಡಿತ ನೋಡ್ಕೊಂಡು ಆ ಬಿಡುವು ಎಲ್ಲಿ ಬರುತ್ತೆ ಅಂತ ಗುರುತು ಹಾಕಿದ್ದು ನೀವು ಸುಮ್ಮನಿದ್ದಾಗ, ಈಗ ಎದೆ ಅವಸರ ಮಾಡಿದ್ರೆ ಆ ಬಿಡುವೇ ಕಿರಿದಾಗಿ ಜಾಗ ಬಿಟ್ಟು ಸರಿದುಬಿಡುತ್ತೆ, ನಾವು ಹೋಗಿ ನೋಡೋ ಹೊತ್ತಿಗೆ ಹೃದಯ ಮುಂದಿನ ಕೆಲಸಕ್ಕೆ ಎದ್ದಾಗಿರುತ್ತೆ, ಅರ್ಧ ಚಿತ್ರ ಮಬ್ಬು. ಬಡಿತ ನಿಧಾನವಾಗಲಿ ಅಂತ ಮಾತ್ರೆ ಕೊಟ್ಟಿದ್ದೀರಲ್ಲ. ಮಾತ್ರೆ ತನ್ನ ಕೈಲಾದಷ್ಟು ಮಾಡುತ್ತೆ ಮೇಡಂ. ಆಮೇಲೆ ಆ ಹೆಂಗಸು ಒಂದು ಸಲ ಸೀನಿ, ಕ್ಷಮಿಸಿ ಎಂದು, ದನಿ ತಗ್ಗಿಸಿ, ಇನ್ನೊಂದೇ ಸಲ ಮಾಡಬಹುದು, ಮುಂದಿನ ರೋಗಿ ಬಂದು ಕೂತಿದ್ದಾರೆ, ನಿಮ್ಮ ಮನಸ್ಸಲ್ಲಿ ಏನು ಓಡ್ತಿದೆಯೋ ಅದನ್ನ ಸ್ವಲ್ಪ ಪಕ್ಕಕ್ಕಿಡಿ, ಆಗುತ್ತಾ ಎಂದು ಕೇಳಿದಳು. ಆಗುತ್ತೆ ಎಂದಳು ಇವಳು, ಯಾವ ಬಾಯಲ್ಲಿ ಆಗಲ್ಲ ಅನ್ನುವುದು.

ಪಕ್ಕಕ್ಕಿಡಬೇಕು, ಅಂದರೆ ಅವಳನ್ನು, ಎಂಥ ಕಟ್ಟಳೆ ಇದು, ತಂಗಿಯನ್ನು ಉಳಿಸಿಕೊಳ್ಳಬೇಕಾದರೆ ತಂಗಿಯನ್ನು ಮರೆಯಬೇಕು, ಅವಳಿಗಾಗಿ ಬಂದು ಮಲಗಿ ಅವಳನ್ನು ನೆನೆದರೆ ಚಿತ್ರ ಕೆಡುತ್ತದೆ, ಸರಿ, ಮರೆಯೋಣ, ಅದೇನು ಮಹಾ, ಹಠ ಹಿಡಿದು ಏನೇನೋ ಮಾಡಿದ್ದೇನೆ ಇದೊಂದು ಮಾಡಲಾರೆನೇ, ಈಜುಕೊಳದ ಪಂಪು ಯೋಚಿಸೋಣ, ಕೆಟ್ಟು ಕೂತಿದೆ, ಮೋಟಾರು ಬಿಚ್ಚಿದ ಮೆಕ್ಯಾನಿಕ್ಕು ಬೇರಿಂಗ್ ಹೋಗಿದೆ ಎಂದು ಹೋದವನು ಪತ್ತೆಯಿಲ್ಲ, ನೀರು ಹಸಿರಾಗುವುದರೊಳಗೆ ಅವನನ್ನು ಹಿಡಿದು ತರಬೇಕು, ಹಸಿರು ನೀರು, ಕ್ಲೋರಿನ್ ವಾಸನೆ, ಅಂಚಿನ ನೀಲಿ ಟೈಲುಗಳು, ಆ ಅಂಚಿನ ಮೇಲೆ ಟವೆಲ್ಲುಗಳ ರಾಶಿ ಇಟ್ಟುಕೊಂಡು ಕೂತ — ಬಂದಳಲ್ಲ, ಬಂದೇಬಿಟ್ಟಳು, ಊರಿಗೆಲ್ಲ ಕಲಿಸಿದ ಅಕ್ಕನ ಒಬ್ಬಳೇ ತಂಗಿಗೆ ಈಜು ಬರುವುದಿಲ್ಲ, ನೀನು ನೀರಲ್ಲಿದ್ದಾಗ ಬಟ್ಟೆ ಕಾಯೋಕೆ ಒಬ್ಬರು ಬೇಡ್ವಾ ಎನ್ನುತ್ತಿದ್ದಳು, ಬೇಡ, ಅಂಚು ಬೇಡ, ಬೇರೆ ಏನಾದರೂ, ಮಗ್ಗಿ ಹೇಳೋಣ, ಹದಿನೇಳರ ಮಗ್ಗಿ, ಹದಿನೇಳು ಒಂದ್ಲೆ ಹದಿನೇಳು, ಹದಿನೇಳು ಎರಡ್ಲೆ ಮೂವತ್ನಾಲ್ಕು, ಹದಿನೇಳು ಮೂರ್ಲೆ — ಇದನ್ನು ಬಾಯಿಪಾಠ ಮಾಡಿಸಿದ್ದೂ ಅವಳಿಗೇ, ತಪ್ಪಿದಾಗ ತಲೆಗೊಂದು ಮೊಟಕಿದ್ದು, ಅಯ್ಯೋ ಅವಳ, ಎಲ್ಲಿ ಹೋದರೂ ಮುಂಚೆಯೇ ಹೋಗಿ ಕೂತಿರುತ್ತಾಳೆ, ನನ್ನ ತಲೆಯಲ್ಲಿ ಅವಳಿಲ್ಲದ ಒಂದು ಮೂಲೆಯೂ ಇಲ್ಲವೇನೇ. ಎದೆ ಧಡಧಡ ಎನ್ನತೊಡಗುತ್ತದೆ, ಇನ್ನೇನು ಆ ದನಿ ಬರುತ್ತದೆ, ಸಾಕು ಮೇಡಂ ಎನ್ನುತ್ತದೆ, ಇಲ್ಲ, ಬರಬಾರದು, ತಂಗಿಯನ್ನು ಓಡಿಸಲು ಹೋದಷ್ಟೂ ಎದೆಯೇ ಓಡುತ್ತಿದೆ, ಎದೆಗೆ ವಿಷಲ್ ಊದಿ ಊದಿ ಬುದ್ಧಿ ಹೇಳುವುದನ್ನು ಮೊದಲು ಬಿಡಬೇಕು, ಹೆದರಿದ ಮಗುವಿಗೆ ದಡದಿಂದ ಕೂಗಿದರೆ ಅದು ಇನ್ನೂ ಬಡಿದಾಡುತ್ತದೆ, ನೀರಿಗಿಳಿದು ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು, ಅಷ್ಟೇ ತಾನೇ, ಗೊತ್ತಿಲ್ಲದ್ದೇನಲ್ಲ. ಹಾಗಾದರೆ ಬಾ, ಬಾರೇ, ಬಂದಿದ್ದೀಯಲ್ಲ, ಕೂತ್ಕೋ, ಓಡಿಸಲ್ಲ, ಉಳಿಸ್ತೀನಿ ಅಂತಲೂ ಅನ್ನಲ್ಲ, ಏನೂ ಅನ್ನಲ್ಲ, ನಿನ್ನೆ ಸಂಜೆ ಕೂತಿದ್ದೆವಲ್ಲ ಸೋಫಾದ ಮೇಲೆ, ಹಾಗೆ. ಎದುರಿನ ಸ್ಟೂಲಿನ ಮೇಲೆ ತಂಗಿಯ ಎರಡು ಕಾಲು, ನೀರು ತುಂಬಿ ಊದಿ ಮಿರಮಿರ ಮಿಂಚುವ ಕಾಲು, ಅಂಗಡಿಯಲ್ಲಿ ಅಷ್ಟೊಂದು ಜೋಡಿ ಇದ್ದರೂ ಒಂದೂ ಹಿಡಿಸದ ಕಾಲು, ಗಿರಾಕಿಗಳ ಮುಂದೆ ಮಂಡಿಯೂರಿ ಬೂಟಿನ ತುದಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಇಲ್ಲಿ ಬೆರಳಿಗೆ ಜಾಗ ಇದ್ಯಾ ಸರ್ ಎಂದು ಕೇಳುವ ಅಭ್ಯಾಸ ಅವಳಿಗೆ, ಅದೇ ಹೆಬ್ಬೆರಳಿನಲ್ಲಿ ತನ್ನ ಮೊಣಕಾಲ ಕೆಳಗೆ ಒತ್ತಿದಳು, ತೆಗೆದಳು, ಗುಳಿ ಬಿತ್ತು, ಹೆಬ್ಬೆರಳಿನ ಅಚ್ಚಿನಂಥ ಗುಳಿ, ನೋಡಕ್ಕ, ಇದು ತುಂಬೋವರೆಗೂ ಯಾರೂ ಮಾತಾಡಬಾರದು, ಮೊದಲು ಮಾತಾಡಿದವರು ಪಾತ್ರೆ ತೊಳೀಬೇಕು. ಚಿಕ್ಕಂದಿನಿಂದಲೂ ಇಂಥ ಆಟದಲ್ಲಿ ಮೊದಲು ಬಾಯಿಬಿಟ್ಟು ಸೋಲುವವಳು ಅವಳೇ, ಬಾಯಿಗೆ ಬೀಗ ಹಾಕಿದರೂ ಕೀಲಿಕೈ ತಾನೇ ಮಾಡಿಸಿಕೊಳ್ಳುವವಳು, ನಿನ್ನೆ ಮಾತ್ರ ಸುಮ್ಮನಿದ್ದಳು, ಇಬ್ಬರೂ ಸುಮ್ಮನೆ ಆ ಗುಳಿಯನ್ನು ನೋಡುತ್ತ ಕೂತರು, ನೀರು ಎಲ್ಲೆಲ್ಲಿಂದಲೋ ನಿಧಾನಕ್ಕೆ ಬಂದು ಅಂಚಿನಿಂದ ತುಂಬಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ, ಆದರೂ ತುಂಬುತ್ತಿರುತ್ತದೆ, ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಆಗ ಇವಳಿಗೆ ತೋಳಿನ ಹತ್ತಿರ ಏನೋ ಜಗ್ಗಿದಂತಾಗಿ ನೋಡಿದರೆ ತಂಗಿ ಇನ್ನೊಂದು ಕೈಯಲ್ಲಿ ಇವಳ ತೋಳಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾಳೆ, ಗಟ್ಟಿಯಾಗಿ, ಬಟ್ಟೆ ಮುದುರಿದೆ, ಕಣ್ಣು ಗುಳಿಯ ಮೇಲೇ ಇದೆ, ಹಿಡಿದದ್ದು ಅವಳಿಗೇ ಗೊತ್ತಿಲ್ಲ, ಬೇಡ ಬೇಡ ಎನ್ನುವ ಹುಡುಗಿ, ಬದುಕಬೇಕು ಅವಳಿಗೆ, ಎಷ್ಟೊಂದು ಬದುಕಬೇಕು, ಇವಳು ಆ ಮುಷ್ಟಿಯ ಕಡೆ ನೋಡಿಯೂ ನೋಡದವಳಂತೆ ಮತ್ತೆ ಗುಳಿಯ ಕಡೆ ತಿರುಗಿದಳು. ತಿರುಗಿದ್ದಾಳೆ, ನೋಡುತ್ತಿದ್ದಾಳೆ, ಉಸಿರು ತಾನಾಗಿ ಹೊರಗೆ ಹೋಗುತ್ತದೆ, ಹೊಟ್ಟೆ ತಗ್ಗುತ್ತದೆ, ಟಕ ಟಕ ಟಕ, ಮೌನ, ಹೆಬ್ಬೆರಳಿನ ಅಚ್ಚು, ಟಕ ಟಕ ಟಕ, ಹಾಂ ಮೇಡಂ, ಬರ್ತಾ ಇದೆ, ಈಗ ಚೆನ್ನಾಗಿ ಬರ್ತಾ ಇದೆ, ಹೀಗೇ ಇರಿ — ಎದೆ ಹಿಗ್ಗಿ ಕುಣಿಯಲು ಹೊರಟಿತು, ಇಲ್ಲ, ಹಿಗ್ಗುವುದು ಆಮೇಲೆ, ಸಂತೋಷವೂ ಈಗ ಹೊರಗೆ ಬೆಂಚಿನ ಮೇಲೆ ಕಾಯಲಿ, ಈಗ ಸ್ಟೂಲು, ಕಾಲು, ಗುಳಿ, ತಳ ಒಂದಿಷ್ಟು ಮೇಲೆ ಬಂದಿದೆಯೇ, ಇಲ್ಲ, ಹಾಗೇ ಇದೆ, ತೋಳಿನಲ್ಲಿ ಮುಷ್ಟಿಯ ಜಗ್ಗು, ಟಕ ಟಕ ಟಕ, ಅವಸರವಿಲ್ಲ, ಪಾತ್ರೆ ಯಾರಾದರೂ ತೊಳೆಯಲಿ, ಗುಳಿ, ಮಾತಾಡಬಾರದು, ಗುಳಿ, ಇನ್ನೂ ತುಂಬಿಲ್ಲ, ಮಾತಾಡಬಾರದು, ಗುಳಿ